ಹೊಲಿಗೆಯನ್ನು ಕಲಿತು ಕಲಿಸಿದ ಮೇರಿ ವುಲ್ಮನ್ ಅಮ್ಮನವರ ಚರಿತ್ರೆ

ಸೂಜಿಗೆ ದಾರ ಪೋಣಿಸಬಲ್ಲವರೆಲ್ಲರೂ ಹೊಲಿಗೆಯನ್ನು ಬಲ್ಲರೆಂದು ಎಣಿಸುವುದು ಲೋಕರೂಢಿಯಾಗಿದೆ. ಹೊಲಿಯಬಲ್ಲವರೆಲ್ಲರೂ ಅದನ್ನು ಇತರರಿಗೆ ಕಲಿಸಬಲ್ಲರೆಂದು ಎಣಿಸುವುದೂ ಅಂಥದೇ ರೂಢಿ. ಈ ಎರಡು ಎಣಿಕೆಗಳೂ ಸರಿಯಲ್ಲವೆಂದು ತನ್ನ ಜೀವಮಾನದ ಕೆಲಸದಿಂದಲೇ ತೋರಿಸಿಕೊಟ್ಟ ಒಬ್ಬ ಮಹಿಳೆಯ ಚರಿತ್ರೆಯನ್ನು ಈ ತಿಂಗಳು ವಾಚಕರ ಮುಂದೆ ಇಡುತ್ತೇವೆ. ಅಮೇರಿಕಾ ದೇಶದಲ್ಲಿ ಗೃಹಶಾಸ್ತ್ರದ ಉಪಾಧ್ಯಾಯಿನಿಯರ ನಡುವೆ ಹೆಸರುವಾಸಿಯಾದ ಮೇರಿ ಸ್ಕೆಂಕ್ ವುಲ್ಮನ್ ಅಮ್ಮನವರೇ ಆ ಮಹಿಳೆ. ಅವರು ಹೊಲಿಗೆಯ ಉಪಾಧ್ಯಾಯಿನಿಯಾಗಬೇಕೆಂದು ಚಿಕ್ಕಂದಿನಿಂದ ಆಶಿಸಿದವರಲ್ಲ. ಮನೆಗೆ ಬಂದ ಕಷ್ಟವು ಅವರನ್ನು ಆ ದಾರಿಗೆ ತಂದಿತು. ಆದರೆ ಬಂದ ಮೇಲೆ ಅವರು ಆ ವಿದ್ಯೆಯನ್ನು ಬುಡದಿಂದ ಕಲಿತು, ಇತರರಿಗೆ ಕಲಿಸಿ, ಅದನ್ನು ಬಡ ಹುಡುಗಿಯರ ಅನ್ನದ ದಾರಿಯಾಗಿ ಮಾಡಿದರು.

೧. ಬಾಲ್ಯವೂ ಕಷ್ಟಕಾಲವೂ

ಮೇರಿ ಸ್ಕೆಂಕ್ ೧೮೬೦ನೆಯ ಇಸವಿ ಏಪ್ರಿಲ್ ೨೬ನೆಯ ತಾರೀಖಿನಲ್ಲಿ ನ್ಯೂ ಜೆರ್ಸಿ ಸಂಸ್ಥಾನದ ಕ್ಯಾಮ್ಡನ್ ಎಂಬ ಪಟ್ಟಣದಲ್ಲಿ ಹುಟ್ಟಿದರು. ಈ ಪಟ್ಟಣವು ಡೆಲವೇರ್ ನದಿಯ ಒಂದು ದಡದಲ್ಲಿಯೂ ಫಿಲಡೆಲ್ಫಿಯಾ ಮಹಾನಗರವು ಅದರ ಎದುರು ದಡದಲ್ಲಿಯೂ ಇವೆ. ತಂದೆಯು ವೈದ್ಯನಾಗಿದ್ದುದರಿಂದ ಮನೆಯಲ್ಲಿ ಕೊರತೆಯಿರಲಿಲ್ಲ. ಹುಡುಗಿಯು ಫಿಲಡೆಲ್ಫಿಯಾದಲ್ಲಿ ಕ್ವೇಕರ್ ಸಭೆಯವರು ನಡಿಸುತ್ತಿದ್ದ ಒಂದು ಶಾಲೆಯಲ್ಲಿ ಓದಿದಳು. ಆಡಂಬರವಿಲ್ಲದ ಉಡುಪು, ಮಿತವಾದ ಮಾತು, ಕೈಕೆಲಸಕ್ಕೆ ಗೌರವ ಇವು ಆ ಸಭೆಯವರ ಗುರುತುಗಳಾಗಿದ್ದವು. ೧೮೮೨ರಲ್ಲಿ ಫ್ರಾಂಕ್ಲಿನ್ ವುಲ್ಮನ್ ಎಂಬ ವಕೀಲರೊಡನೆ ಆಕೆಗೆ ಮದುವೆಯಾಯಿತು.

ಕೆಲವು ವರ್ಷ ಸಂಸಾರವು ನೆಟ್ಟಗೆ ನಡೆಯಿತು. ಆಮೇಲೆ ಗಂಡನು ಕಾಯಿಲೆ ಬಿದ್ದನು. ಮನೆಯ ಸ್ಥಿತಿಯು ಇಳಿಯುತ್ತಾ ಬಂದಿತು. ಹೀಗಿರಲಾಗಿ ಮನೆ ನಡಿಸುವ ಭಾರವು ಮೇರಿಯಮ್ಮನವರ ಮೇಲೆಯೇ ಬಿದ್ದಿತು. ಆ ಕಾಲದಲ್ಲಿ ಗೌರವಸ್ಥರ ಮನೆಯ ಹೆಂಗಸು ಸಂಬಳಕ್ಕಾಗಿ ದುಡಿಯುವುದು ಸುಲಭವಾದ ಸಂಗತಿಯಾಗಿರಲಿಲ್ಲ. ದುಡಿಯಲು ಅವರು ಯಾವ ಕಸಬನ್ನೂ ಕಲಿತಿರಲಿಲ್ಲ. ೧೮೯೧ರಲ್ಲಿ ಅವರು ನ್ಯೂಯಾರ್ಕ್ ನಗರಕ್ಕೆ ಬಂದು, ಅಚ್ಚಿಗೆ ಹೋಗುವ ಬರಹಗಳನ್ನು ತಿದ್ದುವ ಕೆಲಸಕ್ಕೆ ಸೇರಿದರು. ಮುಂದೆ ಕಸಬು ಕಲಿಯದ ಹುಡುಗಿಯರಿಗಾಗಿ ಇಷ್ಟೊಂದು ಪಾಡುಪಟ್ಟ ಈ ಮಹಿಳೆಯು, ಕಸಬಿಲ್ಲದೆ ಹೊಟ್ಟೆ ಹೊರೆಯುವುದು ಎಂಥದೆಂಬುದನ್ನು ಮೊದಲು ತಾನೇ ಅನುಭವಿಸಿ ತಿಳಿದಳೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

೨. ಒಂದು ಪುಸ್ತಕದ ವಿಮರ್ಶೆಯಿಂದ ತೆರೆದ ಬಾಗಿಲು

ಆ ದಿನಗಳಲ್ಲಿ ನ್ಯೂಯಾರ್ಕಿನಲ್ಲಿ ಗ್ರೇಸ್ ಡಾಡ್ಜ್ ಎಂಬ ಸಿರಿವಂತ ಮನೆತನದ ಮಹಿಳೆಯು ಬಡವರ ಮಕ್ಕಳ ವಿದ್ಯೆಗಾಗಿ ಬಹಳವಾಗಿ ಶ್ರಮಿಸುತ್ತಿದ್ದಳು. ಎಳೆಯ ಹುಡುಗಿಯರಿಗೆ ಆಟಿಗೆಯಂಥ ಚಿಕ್ಕ ಚಿಕ್ಕ ಪಾತ್ರೆ ಪೊರಕೆಗಳಿಂದ ಮನೆಗೆಲಸವನ್ನು ಕಲಿಸುವ ಒಂದು ಸಂಘವು ೧೮೮೦ರಲ್ಲಿ ಅಲ್ಲಿ ಏರ್ಪಟ್ಟಿತ್ತು. ಆ ಕೆಲಸವು ಬೆಳೆಯುತ್ತಾ ಬಂದು, ಕಲಿಸುವವರನ್ನು ಮೊದಲು ತಯಾರು ಮಾಡಬೇಕೆಂಬ ತಿಳುವಳಿಕೆಯುಂಟಾಗಿ, ೧೮೮೭ರಲ್ಲಿ ಉಪಾಧ್ಯಾಯರ ತರಬೇತಿಯ ಕಾಲೇಜೊಂದು ಸ್ಥಾಪನೆಯಾಯಿತು. ಇದೇ ಮುಂದೆ ಟೀಚರ್ಸ್ ಕಾಲೇಜ್ ಎಂಬ ಹೆಸರಿನಿಂದ ಕೊಲಂಬಿಯಾ ವಿಶ್ವವಿದ್ಯಾನಿಲಯದೊಡನೆ ಕೂಡಿಕೊಂಡಿತು.

ಈ ಕಾಲೇಜಿನವರೊಬ್ಬರು ಹೊಲಿಗೆಯ ಪಾಠಗಳ ಒಂದು ಪುಸ್ತಕವನ್ನು ವುಲ್ಮನ್ ಅಮ್ಮನವರ ಕೈಗೆ ಕೊಟ್ಟು ಅಭಿಪ್ರಾಯವನ್ನು ಕೇಳಿದರು. ಅಮ್ಮನವರು ದಾಕ್ಷಿಣ್ಯ ನೋಡದೆ ಅದರ ಕುಂದುಗಳನ್ನು ತೋರಿಸಿಕೊಟ್ಟರು. ಅದನ್ನು ಕಂಡ ಕಾಲೇಜಿನವರು ಸಿಟ್ಟಾಗದೆ, ತಪ್ಪನ್ನು ಇಷ್ಟು ಚೆನ್ನಾಗಿ ಬಲ್ಲವರು ಒಪ್ಪವಾದ ಪುಸ್ತಕವನ್ನೂ ಬರೆಯಬಲ್ಲರೆಂದು ತಿಳಿದು, ಆ ಕೆಲಸವನ್ನು ಅವರಿಗೇ ಒಪ್ಪಿಸಿದ್ದಲ್ಲದೆ, ೧೮೯೨ರಲ್ಲಿ ಹೊಲಿಗೆಯ ಉಪಾಧ್ಯಾಯಿನಿಯಾಗಿಯೂ ನೇಮಿಸಿದರು. ಆಗ ಅವರಿಗೆ ೩೨ ವಯಸ್ಸು. ಇನ್ನೊಬ್ಬರ ಕೆಲಸದಲ್ಲಿ ಕುಂದು ಹುಡುಕುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಹುಡುಕಿದ ಕುಂದನ್ನು ತಾವೇ ಸರಿಪಡಿಸಲು ಕೈಹಾಕುವವರು ವಿರಳ. ಈ ಅಮ್ಮನವರು ಕೈಹಾಕಿದರು. ಅವರ ಆ ನಂತರದ ಚರಿತ್ರೆಯೆಲ್ಲಾ ಅಲ್ಲಿಂದ ಹೊರಟಿತು.

೩. ಕಲಿಸುತ್ತಾ ಕಲಿತದ್ದು

ಉಪಾಧ್ಯಾಯಿನಿಯ ಪೀಠವು ದೊರಕಿದ ಮೇಲೆ ಅಮ್ಮನವರು ಅದರಿಂದ ತೃಪ್ತಿಪಟ್ಟು ಕೂಡಲಿಲ್ಲ. ಒಂದು ಕಡೆ ಪಾಠ ಹೇಳುತ್ತಾ, ಇನ್ನೊಂದು ಕಡೆ ಅದೇ ಕಾಲೇಜಿನಲ್ಲಿ ವಿದ್ಯಾರ್ಥಿನಿಯಾಗಿ ಓದುತ್ತಾ, ೧೮೯೭ರಲ್ಲಿ ಬಿ. ಎಸ್. ಪದವಿಯನ್ನು ಪಡೆದರು. ಗೃಹಕಲೆಯೆಂಬ ವಿಭಾಗವನ್ನು ಅಲ್ಲಿ ಕಟ್ಟಿ ಬೆಳೆಸಿದರು. ೧೯೦೩ರಲ್ಲಿ ಪ್ರೊಫೆಸರರಾದರು. ಹೊಲಿಗೆಯ ಬಗೆಗಳನ್ನು ಮಾಡುವ ಕ್ರಮವನ್ನೂ ಅವುಗಳನ್ನು ಕಲಿಸುವ ವಿಧಾನವನ್ನೂ ವಿವರಿಸುವ ಅವರ ಪುಸ್ತಕವು ಉಪಾಧ್ಯಾಯಿನಿಯರ ಕೈಪಿಡಿಯಾಗಿ ಹಲವು ಸಾರಿ ಅಚ್ಚಾಯಿತು.

ಆ ವಿದ್ಯೆಯಲ್ಲಿ ಕಲಿಯತಕ್ಕದ್ದು ಏನಿದೆಯೆಂದು ಕೆಲವರು ಕೇಳಬಹುದು. ಆದಕಾರಣ ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು. ಮೊದಲನೆಯದು ಕೈಯ ಕೆಲಸ. ಬಟ್ಟೆಯ ತುಂಡುಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ ಕಚ್ಚಾ ಹೊಲಿಗೆ, ಒಂದೇ ಸಮನಾಗಿ ಮುಂದೆ ಹೋಗುವ ಓಟದ ಹೊಲಿಗೆ, ಸೂಜಿಯನ್ನು ಪ್ರತಿ ಸಾರಿಯೂ ಹಿಂದಕ್ಕೆ ತಂದು ಚುಚ್ಚುವ ಗಟ್ಟಿ ಹೊಲಿಗೆ, ಅಂಚು ಮಡಿಸಿ ಹೊಲಿಯುವುದು, ಎಳೆ ಬಿಡದಂತೆ ಅಂಚಿಗೆ ಸುತ್ತುಹೊಲಿಗೆ ಹಾಕುವುದು, ಗುಂಡಿಗೆ ಕಾಜಾ ಕಟ್ಟುವುದು, ತೇಪೆ ಹಾಕುವುದು, ಸವೆದುಹೋದ ಕಡೆ ಎಳೆಗೆ ಎಳೆ ಕೂಡಿಸಿ ರಫೂ ಮಾಡುವುದು ಇವೆಲ್ಲಾ ಒಂದರ ಮೇಲೊಂದಾಗಿ ಬರುವ ಪಾಠಗಳು. ಪ್ರತಿಯೊಂದಕ್ಕೂ ತಕ್ಕ ಸ್ಥಳವುಂಟು. ಭಾರ ಬೀಳುವ ತೋಳಿನ ಕೂಡಿಕೆಯಲ್ಲಿ ಓಟದ ಹೊಲಿಗೆಯನ್ನು ಹಾಕಿದರೆ ಅದು ಬೇಗನೆ ಬಿಚ್ಚಿಹೋಗುವುದು. ಯಾವುದನ್ನು ಎಲ್ಲಿ ಏಕೆ ಹಾಕಬೇಕೆಂದು ಹೇಳಲಾರದವಳು ಎಷ್ಟೇ ನಯವಾಗಿ ಹೊಲಿದರೂ ಉಪಾಧ್ಯಾಯಿನಿಯಾಗಲಾರಳು.

ಎರಡನೆಯದು ಉಡುಪನ್ನು ಕಟ್ಟುವ ಕ್ರಮ. ನೇಯ್ದ ಬಟ್ಟೆಯಲ್ಲಿ ಹಾಸಿನ ಎಳೆ ಉದ್ದಕ್ಕೂ ಹೊಕ್ಕಿನ ಎಳೆ ಅಡ್ಡಕ್ಕೂ ಹೋಗುತ್ತವೆ. ಉದ್ದದ ಎಳೆಯ ಮೇಲೆ ಕತ್ತರಿಸಿದ ತುಂಡು ಜಗ್ಗದು. ಓರೆಯಾಗಿ ಕತ್ತರಿಸಿದ ತುಂಡು ಜಗ್ಗುವುದು. ಕೊರಳಿನ ಸುತ್ತು ಮುಂತಾದ ಬಳುಕಿನ ಕಡೆಗಳಿಗೆ ಓರೆ ಪಟ್ಟಿಯು ಒದಗುವುದೂ, ನೆಟ್ಟಗೆ ನಿಲ್ಲಬೇಕಾದ ಮುಂಭಾಗಕ್ಕೆ ಅದೇ ಪಟ್ಟಿಯು ಕೇಡಾಗುವುದೂ ಇದರಿಂದಲೇ. ಅಳತೆ ತೆಗೆಯುವುದು, ಕಾಗದದ ಮೇಲೆ ನಕ್ಷೆ ಬರೆಯುವುದು, ಬಟ್ಟೆ ಪೋಲಾಗದ ಹಾಗೆ ಆ ನಕ್ಷೆಯ ತುಂಡುಗಳನ್ನು ಹರಡುವುದು, ಹೊಲಿಗೆಗೆ ಬೇಕಾದಷ್ಟು ಅಂಚು ಬಿಟ್ಟು ಕತ್ತರಿಸುವುದು ಇವುಗಳಲ್ಲಿ ಲೆಕ್ಕವೂ ರೇಖಾಗಣಿತವೂ ಸೇರಿವೆ. ಒಂದು ಸಾರಿ ಕತ್ತರಿ ಹಾಕಿದ ಬಟ್ಟೆಯು ಮತ್ತೆ ಇಡಿಯಾಗದು. ಆದಕಾರಣ ಬಡವಳ ಕೈಯಲ್ಲಿ ಅಳತೆಯ ತಿಳುವಳಿಕೆಯು ಹಣಕ್ಕೆ ಸಮಾನವಾಗಿದೆ.

ಮೂರನೆಯದು ಬಟ್ಟೆಯ ಜ್ಞಾನ. ಕಣ್ಣಿಗೆ ಒಂದೇ ತರವಾಗಿ ಕಾಣುವ ಎರಡು ಬಟ್ಟೆಗಳಲ್ಲಿ ಒಂದು ಶುದ್ಧ ಉಣ್ಣೆಯಾಗಿಯೂ ಇನ್ನೊಂದು ಹತ್ತಿ ಬೆರೆಸಿದ್ದಾಗಿಯೂ ಇರಬಹುದು. ಒಂದೆರಡು ಎಳೆಗಳನ್ನು ಬಿಡಿಸಿ ಸುಟ್ಟು ನೋಡಿದರೆ ಹತ್ತಿಯು ಬೇಗನೆ ಹತ್ತಿಕೊಂಡು ಕಾಗದ ಸುಟ್ಟ ವಾಸನೆಯನ್ನು ಕೊಡುವುದು. ಉಣ್ಣೆಯು ನಿಧಾನವಾಗಿ ಸುರುಟಿಕೊಂಡು ಕೂದಲು ಸುಟ್ಟ ವಾಸನೆಯನ್ನು ಕೊಡುವುದು. ಕಾಸ್ಟಿಕ್ ಸೋಡಾದ ನೀರಿನಲ್ಲಿ ಕುದಿಸಿದರೆ ಉಣ್ಣೆಯು ಕರಗಿಹೋಗಿ ಹತ್ತಿಯ ಎಳೆಗಳು ಮಾತ್ರ ಉಳಿಯುವವು. ಆ ಕಾಲದ ರೇಷ್ಮೆಯಲ್ಲಿ ಇನ್ನೊಂದು ಮೋಸವಿತ್ತು. ತೂಕ ಹೆಚ್ಚಿಸುವುದಕ್ಕಾಗಿ ಅದಕ್ಕೆ ತವರದ ಲವಣಗಳನ್ನು ಕುಡಿಸುತ್ತಿದ್ದರು. ಅಂಥ ಬಟ್ಟೆಯು ಅಂಗಡಿಯಲ್ಲಿ ಭಾರವಾಗಿ ಸೊಗಸಾಗಿ ಕಂಡು, ಪೆಟ್ಟಿಗೆಯಲ್ಲಿಟ್ಟ ಕಡೆಯೇ ಮಡಿಕೆಗಳಲ್ಲಿ ಬಿರಿಯುತ್ತಿತ್ತು. ಸುಟ್ಟರೆ ಅದರ ಬೂದಿಯು ನೇಯ್ಗೆಯ ರೂಪವನ್ನೇ ಉಳಿಸಿಕೊಂಡು ನಿಲ್ಲುವುದರಿಂದ ಮೋಸವು ಹೊರಬೀಳುತ್ತಿತ್ತು. ಕೊಳ್ಳುವ ಹೆಂಗಸು ಇದನ್ನು ಅರಿಯದಿದ್ದರೆ ಗಂಡನ ತಿಂಗಳ ದುಡಿಮೆಯು ಒಂದು ಗಳಿಗೆಯಲ್ಲಿ ಪೋಲಾಗುವುದು. ವುಲ್ಮನ್ ಅಮ್ಮನವರು ಎಲೆನ್ ಮೆಕ್‌ಗೋವನ್ ಎಂಬವರೊಡನೆ ಕೂಡಿ ೧೯೧೩ರಲ್ಲಿ ಪ್ರಕಟಿಸಿದ ಬಟ್ಟೆಗಳ ಕುರಿತಾದ ಗ್ರಂಥವು ವಿದ್ಯಾರ್ಥಿಗಳಿಗೆ ಮಾತ್ರವಲ್ಲದೆ ಕೊಳ್ಳುವವರಿಗೂ ಆಗಲೆಂದು ಬರೆದದ್ದಾಗಿತ್ತು.

೪. ಹದಿನಾಲ್ಕು ವಯಸ್ಸಿನ ಹುಡುಗಿಯರು

ಕಾಲೇಜಿನಲ್ಲಿ ಈ ಪಾಠಗಳು ನಡೆಯುತ್ತಿದ್ದಾಗ, ಅದೇ ನಗರದ ಬೀದಿಗಳಲ್ಲಿ ಮತ್ತೊಂದು ನೋಟವು ಅಮ್ಮನವರ ಕಣ್ಣಿಗೆ ಬೀಳುತ್ತಿತ್ತು. ನ್ಯೂಯಾರ್ಕು ಆಗ ಸಿದ್ಧ ಉಡುಪುಗಳನ್ನು ತಯಾರಿಸುವುದರಲ್ಲಿ ಅಮೇರಿಕಾಕ್ಕೆಲ್ಲಾ ದೊಡ್ಡ ನಗರವಾಗಿತ್ತು. ಬಡವರ ಹುಡುಗಿಯರು ೧೪ ವಯಸ್ಸು ತುಂಬಿದ ಕೂಡಲೇ ಶಾಲೆಯನ್ನು ಬಿಟ್ಟು ಕಾರ್ಖಾನೆಗಳನ್ನು ಸೇರುತ್ತಿದ್ದರು. ಏನೂ ಕಲಿಯದೆ ಬಂದವಳಿಗೆ ವಾರಕ್ಕೆ ೩ ಡಾಲರು ಅಥವಾ ಅದಕ್ಕೂ ಕಡಿಮೆ ಕೂಲಿ. ಅಲ್ಲಿ ಒಬ್ಬಳು ದಿನವೆಲ್ಲಾ ತೋಳು ಕೂಡಿಸುವಳು, ಇನ್ನೊಬ್ಬಳು ದಿನವೆಲ್ಲಾ ದಾರದ ತುದಿ ಕತ್ತರಿಸುವಳು. ಇಡೀ ಉಡುಪನ್ನು ಕಲಿಸಲು ಯಾರಿಗೂ ಬಿಡುವಿಲ್ಲ. ಹಂಗಾಮು ಮುಗಿದರೆ ಕೆಲಸವೂ ಮುಗಿಯಿತು. ಹೀಗೆ ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಅಲೆಯುತ್ತಾ ಕಲಿಯುವ ಪ್ರಾಯವೇ ಕಳೆದುಹೋಗುತ್ತಿತ್ತು.

ಈ ಸಂಗತಿಯನ್ನು ಕುರಿತು ಚಿಂತಿಸಿದ ಕೆಲವರು ೧೯೦೧ರಿಂದ ವಿಚಾರಣೆ ನಡಿಸಿ, ಅಂಥ ಹುಡುಗಿಯರಿಗಾಗಿಯೇ ಒಂದು ಶಾಲೆಯನ್ನು ತೆರೆಯಬೇಕೆಂದು ನಿಶ್ಚಯಿಸಿದರು. ೧೯೦೨ನೆಯ ನವೆಂಬರ್ ತಿಂಗಳಲ್ಲಿ ನಗರದ ೧೪ನೆಯ ಬೀದಿಯ ಒಂದು ಮನೆಯಲ್ಲಿ ಮ್ಯಾನ್‌ಹಟನ್ ಟ್ರೇಡ್ ಸ್ಕೂಲ್ ಎಂಬ ಹುಡುಗಿಯರ ಕಸಬಿನ ಶಾಲೆಯು ಆರಂಭವಾಯಿತು. ವುಲ್ಮನ್ ಅಮ್ಮನವರು ಕಾಲೇಜಿನ ಕೆಲಸವನ್ನು ಬಿಡದೆಯೇ ಇದರ ಮುಖ್ಯಾಧಿಕಾರಿಣಿಯ ಹೊಣೆಯನ್ನೂ ಹೊತ್ತರು. ಶಾಲೆಯು ನಡೆದದ್ದು ದಾನಿಗಳ ಹಣದಿಂದ. ಬೇಸಿಗೆಯಲ್ಲಿಯೂ ಮುಚ್ಚದೆ ವರ್ಷದ ಹನ್ನೆರಡು ತಿಂಗಳೂ ಅದು ತೆರೆದಿತ್ತು. ಏಕೆಂದರೆ ಬಡವರಿಗೆ ಕಾಯಲು ಸಮಯವಿಲ್ಲ.

ಅಲ್ಲಿಯ ಪಾಠಗಳನ್ನು ಅವರು ಕೆಲಸದ ಆಯುಧಗಳಿಗೆ ತಕ್ಕಂತೆ ಭಾಗಮಾಡಿದರು. ಹೊಲಿಗೆಯಂತ್ರದ ಕೆಲಸ ಒಂದು. ಸೂಜಿಯಿಂದ ಮಾಡುವ ಉಡುಪು ಮತ್ತು ಟೋಪಿಗಳ ಕೆಲಸ ಒಂದು. ಅಂಟು ಹಚ್ಚಿ ಪೆಟ್ಟಿಗೆ, ಮಾದರಿಹಲಗೆ ಮುಂತಾದವುಗಳನ್ನು ಮಾಡುವ ಕೆಲಸ ಒಂದು. ಕುಂಚ ಮತ್ತು ಸೀಸಕಡ್ಡಿಯ ಕೆಲಸ ಒಂದು. ಒಂದು ಆಯುಧದ ಮೇಲೆ ಹಿಡಿತವಿರುವವಳಿಗೆ ಒಂದು ಕಸಬಿನಲ್ಲಿ ಕೆಲಸ ತಪ್ಪಿದರೆ ಅದೇ ಆಯುಧದ ಇನ್ನೊಂದು ಕಸಬಿನಲ್ಲಿ ದೊರಕುವುದೆಂಬುದೇ ಇದರ ಅರ್ಥ. ಕಾರ್ಖಾನೆಗಳಲ್ಲಿದ್ದಂತೆಯೇ ವಿದ್ಯುತ್ತಿನಿಂದ ನಡೆಯುವ ಯಂತ್ರಗಳನ್ನು ಶಾಲೆಯಲ್ಲಿಟ್ಟರು. ಹುಡುಗಿಯರು ಹೊಲಿದ ಉಡುಪುಗಳನ್ನು ಹರಕು ಚೂರುಗಳಂತೆ ಬಿಸಾಡದೆ ನಿಜವಾದ ಗಿರಾಕಿಗಳಿಗೆ ಮಾರುತ್ತಿದ್ದರು. ಕೊಳ್ಳುವವನ ಕಣ್ಣಿಗಿಂತ ಕಠಿಣನಾದ ಪರೀಕ್ಷಕನಿಲ್ಲ. ಲೆಕ್ಕವನ್ನು ಬಟ್ಟೆಯ ಅಳತೆಯಿಂದಲೂ ಕ್ರಯದಿಂದಲೂ ಕಲಿಸಿದರು. ವೈದ್ಯರಿಂದ ದೇಹವನ್ನು ಪರೀಕ್ಷಿಸಿ, ವ್ಯಾಯಾಮವನ್ನೂ ಅಡಿಗೆಯನ್ನೂ ಕಲಿಸಿದರು. ಮಗಳ ಕೂಲಿಯಿಲ್ಲದೆ ನಡೆಯಲಾರದ ಮನೆಗಳಿಗೆ ಸಹಾಯಧನವನ್ನು ಕೊಟ್ಟರು. ಹಾಗಿದ್ದರೂ ಆ ನಗರದ ಎಲ್ಲಾ ಬಡ ಹುಡುಗಿಯರಿಗೂ ಅಲ್ಲಿ ಸ್ಥಳವಿರಲಿಲ್ಲ. ಸುಮಾರು ಒಂದು ವರ್ಷದ ಅಭ್ಯಾಸವನ್ನೂ ಕೊಡಲಾರದ ತಾಯ್ತಂದೆಗಳು ಬಹಳ ಮಂದಿ ಇದ್ದರು.

೫. ಕಲಿಸುವವರನ್ನು ಹುಡುಕುವ ಕಷ್ಟ

ಹಣದ ಕೊರತೆಗಿಂತಲೂ ಹೆಚ್ಚಾದ ತೊಂದರೆಯು ಇನ್ನೊಂದಿತ್ತು. ಕಾರ್ಖಾನೆಯಲ್ಲಿ ಪಳಗಿದ ಹೆಂಗಸನ್ನು ಉಪಾಧ್ಯಾಯಿನಿಯಾಗಿ ತಂದರೆ ಅವಳ ಕೈಯು ಮಿಂಚಿನಂತೆ ಓಡುವುದು. ಆದರೆ ಎಳೆಯಳಿಗೆ ಅದು ಏಕೆ ಹಾಗೆಂದು ಬಿಡಿಸಿ ಹೇಳಲು ಬಾರದು. ತಪ್ಪಿದರೆ ಅವಳ ಕೈಯಿಂದ ಕಿತ್ತುಕೊಂಡು ತಾನೇ ಮಾಡಿ ಮುಗಿಸುವಳು. ತರಬೇತಿ ಹೊಂದಿದ ಉಪಾಧ್ಯಾಯಿನಿಯನ್ನು ತಂದರೆ ಅವಳು ಸೊಗಸಾಗಿ ವಿವರಿಸುವಳು. ಆದರೆ ಕಾರ್ಖಾನೆಯ ವೇಗವನ್ನೂ ಅಲ್ಲಿಯ ಪದ್ಧತಿಯನ್ನೂ ಅರಿಯಳು. ಅವಳಿಂದ ಕಲಿತ ಹುಡುಗಿಯನ್ನು ಕಾರ್ಖಾನೆಯವರು ಒಂದೇ ದಿನದಲ್ಲಿ ಮನೆಗೆ ಕಳುಹಿಸುವರು. ಕೆಲಸ ಬಲ್ಲವಳಿಗೆ ಕಲಿಸಲು ಬಾರದು, ಕಲಿಸಬಲ್ಲವಳಿಗೆ ಕೆಲಸ ಬಾರದು. ಈ ಎರಡರ ನಡುವೆ ಬಡ ಹುಡುಗಿಯ ಒಂದು ವರ್ಷವು ವ್ಯರ್ಥವಾಗುವ ಅಪಾಯವಿತ್ತು.

ಈ ಇಬ್ಬರನ್ನೂ ಒಬ್ಬಳಲ್ಲಿಯೇ ಕೂಡಿಸುವುದು ವುಲ್ಮನ್ ಅಮ್ಮನವರ ಪ್ರಯತ್ನವಾಯಿತು. ಉಪಾಧ್ಯಾಯಿನಿಯಾಗತಕ್ಕವಳು ಕಸಬಿನ ಸ್ಥಳಕ್ಕೆ ಹೋಗಿ ನೋಡಿ, ಕೈಯಾರೆ ಮಾಡಿ ಕಲಿಯಬೇಕು. ಕಸಬಿನವಳು ಕಲಿಸುವ ಕ್ರಮವನ್ನು ಅಭ್ಯಾಸ ಮಾಡಬೇಕು. ಯಂತ್ರ, ಕಟ್ಟಡ ಇವುಗಳಿಗಿಂತ ಉಪಾಧ್ಯಾಯಿನಿಯೇ ಶಾಲೆಯ ಜೀವವೆಂದು ಅವರು ಕಂಡುಕೊಂಡಿದ್ದರು. ೧೯೧೦ರಲ್ಲಿ ಆ ಶಾಲೆಯನ್ನು ನಗರದ ವಿದ್ಯಾಶಾಖೆಯವರು ವಹಿಸಿಕೊಂಡು ಸಾರ್ವಜನಿಕ ಶಾಲೆಯಾಗಿ ಮಾಡಿದರು. ದಾನದಿಂದ ನಡೆದ ಕೆಲಸವು ಊರಿನವರೆಲ್ಲರ ಹೊಣೆಯಾಯಿತು. ಅಮ್ಮನವರು ಆ ಎಂಟು ವರ್ಷಗಳ ಅನುಭವವನ್ನು ಅದೇ ವರ್ಷ ಒಂದು ಪುಸ್ತಕವಾಗಿ ಪ್ರಕಟಿಸಿ, ಮುಖ್ಯಾಧಿಕಾರಿಣಿಯ ಕೆಲಸದಿಂದ ಬಿಡುಗಡೆ ಹೊಂದಿದರು.

ಈ ಕೆಲಸವು ಎಷ್ಟು ಅವಶ್ಯವಾಗಿತ್ತೆಂಬುದಕ್ಕೆ ಮರುವರ್ಷವೇ ಭಯಂಕರವಾದ ಸಾಕ್ಷಿಯು ದೊರೆಯಿತು. ೧೯೧೧ನೆಯ ಮಾರ್ಚ್ ೨೫ರಂದು ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಉಡುಪಿನ ಕಾರ್ಖಾನೆಗೆ ಬೆಂಕಿ ಬಿದ್ದು ೧೪೬ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಹೆಂಗಸರೂ ಹುಡುಗಿಯರೂ ಆಗಿದ್ದರು. ಹೊಲಿಗೆ ಕಲಿತ ಮಾತ್ರಕ್ಕೆ ಬೆಂಕಿಯಿಂದ ತಪ್ಪಿಸಿಕೊಳ್ಳಲಾಗದು. ಅದಕ್ಕೆ ಕಾನೂನೂ ತೆರೆದ ಬಾಗಿಲೂ ಬೇಕು. ಆದರೆ ಕಸಬನ್ನು ಪೂರ್ಣವಾಗಿ ಬಲ್ಲವಳು ಕೆಟ್ಟ ಸ್ಥಳವನ್ನು ಬಿಟ್ಟು ಒಳ್ಳೆಯ ಸ್ಥಳವನ್ನು ಹುಡುಕಬಲ್ಲಳು. ಏನೂ ಅರಿಯದವಳು ಸಿಕ್ಕಿದ ಬಾಗಿಲಿಗೇ ನುಗ್ಗಬೇಕಾಗುವುದು.

೬. ಕಡೆಯ ವರ್ಷಗಳು

೧೯೧೨ರಲ್ಲಿ ಅಮ್ಮನವರು ಬಾಸ್ಟನ್ ನಗರಕ್ಕೆ ಹೋಗಿ, ಸಿಮನ್ಸ್ ಕಾಲೇಜಿನ ಗೃಹಶಾಸ್ತ್ರದ ವಿಭಾಗವನ್ನು ಎರಡು ವರ್ಷ ನೋಡಿಕೊಂಡರು. ಆ ಮೇಲೆ ಊರೂರಿಗೆ ಪ್ರಯಾಣಮಾಡಿ, ಕಸಬಿನ ವಿದ್ಯೆಗೆ ಸರಕಾರವು ಹಣ ಕೊಡಬೇಕೆಂದು ಉಪನ್ಯಾಸ ಮಾಡಿದರು. ಅವರೂ ಅವರಂಥ ಅನೇಕರೂ ಪಟ್ಟ ಪ್ರಯಾಸದ ಫಲವಾಗಿ ೧೯೧೭ನೆಯ ಫೆಬ್ರವರಿ ತಿಂಗಳಲ್ಲಿ ಸ್ಮಿತ್–ಹ್ಯೂಸ್ ಕಾನೂನು ಹುಟ್ಟಿತು. ವ್ಯವಸಾಯ, ಕೈಗಾರಿಕೆ, ಗೃಹಶಾಸ್ತ್ರ ಇವುಗಳ ಶಿಕ್ಷಣಕ್ಕೂ, ಇವುಗಳನ್ನು ಕಲಿಸುವವರ ತರಬೇತಿಗೂ ಅಮೇರಿಕಾದ ಕೇಂದ್ರ ಸರಕಾರವು ಆಗಿನಿಂದ ದ್ರವ್ಯಸಹಾಯ ಮಾಡತೊಡಗಿತು. ಉಡುಪನ್ನು ಆರಿಸುವುದು, ಜೋಪಾನ ಮಾಡುವುದು, ಅದರ ಖರ್ಚು ಇವುಗಳ ಕುರಿತು ಅಮ್ಮನವರು ೧೯೨೦ರಲ್ಲಿ ಮತ್ತೊಂದು ಪುಸ್ತಕವನ್ನು ಬರೆದರು. ೧೯೨೬ರಲ್ಲಿ ಅಲ್ಲಿಯ ಸಮಾಜಶಾಸ್ತ್ರಗಳ ರಾಷ್ಟ್ರೀಯ ಸಂಸ್ಥೆಯು ಅವರಿಗೆ ಚಿನ್ನದ ಪದಕವನ್ನು ಕೊಟ್ಟು ಗೌರವಿಸಿತು.

೧೯೪೦ನೆಯ ಆಗಸ್ಟ್ ೧ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ನ್ಯೂಟನ್ ಎಂಬಲ್ಲಿ ಅವರು ೮೦ನೆಯ ವಯಸ್ಸಿನಲ್ಲಿ ತೀರಿಹೋದರು. ಉಣ್ಣೆಯ ವಸ್ತುಗಳಲ್ಲಿ ಶುದ್ಧ ಉಣ್ಣೆಯೆಷ್ಟು ಬೆರಕೆಯೆಷ್ಟು ಎಂಬುದನ್ನು ಚೀಟಿಯಲ್ಲಿ ನಮೂದಿಸಲೇಬೇಕೆಂಬ ಅಮೇರಿಕಾದ ಕಾನೂನಿಗೆ ಅದೇ ವರ್ಷ ಅಕ್ಟೋಬರ್ ತಿಂಗಳಲ್ಲಿ ರುಜುವಾಯಿತು. ಉಡುವವರು ಬಟ್ಟೆಯನ್ನು ಅರಿತು ಕೊಳ್ಳಬೇಕೆಂದು ಅಷ್ಟು ವರ್ಷ ಕಲಿಸಿದ ಅಮ್ಮನವರು ಅದನ್ನು ಕಾಣಲಿಲ್ಲ.

ಈ ಚರಿತ್ರೆಯಿಂದ ನಾವು ತಿಳಿಯತಕ್ಕದ್ದು ಬಹಳವಿಲ್ಲ; ಆದರೆ ತಿಳಿದದ್ದನ್ನು ನಡಿಸುವುದು ಕಷ್ಟ. ಹುಡುಗಿಯರಿಗೆ ಹೊಲಿಗೆಯನ್ನು ಕಲಿಸುವ ಕಡೆಯಲ್ಲೆಲ್ಲಾ, ಹೊತ್ತು ಕಳೆಯುವುದಕ್ಕೆ ಕಲಿಸುತ್ತೇವೆಯೋ ಅಥವಾ ಅವರ ಕೈಗೆ ಒಂದು ಬಲವಾಗಲೆಂದು ಕಲಿಸುತ್ತೇವೆಯೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಕಲಿಸುವವಳು ತನ್ನ ಕೈಯಿಂದ ಅಂಗಿಯನ್ನು ಕತ್ತರಿಸಿ, ಹೊಲಿದು, ಒಗೆದು, ಅದು ಎಲ್ಲಿ ಮೊದಲು ಹರಿಯಿತೆಂದು ನೋಡಿದವಳಾಗಿರಲಿ. ಮೂವತ್ತು ವಯಸ್ಸು ದಾಟಿದ ಮೇಲೆ ಹೊಸ ವಿದ್ಯೆಯು ಹತ್ತದೆಂದು ಹೇಳುವವರಿಗೆ, ಆ ಪ್ರಾಯದಲ್ಲಿ ಶುರುಮಾಡಿ ದೇಶಕ್ಕೆಲ್ಲಾ ಉಪಾಧ್ಯಾಯಿನಿಯರನ್ನು ಸಿದ್ಧಪಡಿಸಿದ ಈ ಅಮ್ಮನವರ ಹೆಸರನ್ನು ಹೇಳೋಣ. ಹೊಲಿಗೆಯು ಚಿಕ್ಕ ಕೆಲಸವೇ ಸರಿ. ಆದರೆ ಅದನ್ನು ಸರಿಯಾಗಿ ಕಲಿತವಳ ಮನೆಯಲ್ಲಿ ಹರಕು ಬಟ್ಟೆಯು ಒಂದು ವರ್ಷ ಹೆಚ್ಚು ಬಾಳುವುದು. ಮನೆಗೆ ಕಷ್ಟ ಬಂದ ದಿನ ಅವಳು ಇನ್ನೊಬ್ಬರ ಮುಂದೆ ಕೈಯೊಡ್ಡದೆ, ಅದೇ ಕೈಯಲ್ಲಿ ಸೂಜಿ ಹಿಡಿದು ಸಂಸಾರವನ್ನು ಸಾಗಿಸುವಳು.